ಬೆಂಗಳೂರು–ಲಂಡನ್ 8,040 ಕಿ.ಮೀ. ಹೋಗೋಕೆ 11 ಗಂಟೆ, ಬರೋಕೆ 10ಕ್ಕೂ ಕಡಿಮೆ. ಲೆಕ್ಕ ಹೇಗೆ?

ಪ್ರಶ್ನೆ – ಕಿಟಕಿ_ಸೀಟು

ಬೆಂಗಳೂರಿಂದ ಲಂಡನ್ ಹೀಥ್ರೋಗೆ ಟಿಕೆಟ್ ನೋಡ್ತಾ ಇದೀನಿ. 2026ರ ಅಕ್ಟೋಬರ್ 20ರ ಹೊತ್ತಿಗೆ ಹೋಗಿ ನವೆಂಬರ್ ಮಧ್ಯದಲ್ಲಿ ವಾಪಸ್. ಕೆಲವು ಅಂಕಿಗಳು ಒಂದಕ್ಕೊಂದು ತಾಳೆ ಆಗ್ತಿಲ್ಲ, ಗೊತ್ತಿರೋರು ಬಿಡಿಸಿ ಹೇಳಿ.

ದೂರ ತೋರಿಸೋ ಸೈಟುಗಳಲ್ಲಿ 8,040 ಕಿ.ಮೀ. ಅಂತಿದೆ, ಇನ್ನೊಂದರಲ್ಲಿ 4,341 ಅಂತಿದೆ. ವಿಮಾನದ ವೇಗ ಗಂಟೆಗೆ 850 ಅಂದ್ಕೊಂಡು ಭಾಗಿಸಿದ್ರೆ 9 ಗಂಟೆ 28 ನಿಮಿಷ ಬರುತ್ತೆ. ಟಿಕೆಟ್‌ನಲ್ಲಿ ಹೋಗೋಕೆ 10 ಗಂಟೆ 50 ನಿಮಿಷ, ಬರೋಕೆ 9 ಗಂಟೆ 45 ನಿಮಿಷ ಅಂತಿದೆ. ದಾರಿ ಒಂದೇ ಅಲ್ವಾ?

ಇನ್ನೊಂದು. ಬೆಳಿಗ್ಗೆ 7ಕ್ಕೆ ಹೊರಟು ಮಧ್ಯಾಹ್ನ 1:20ಕ್ಕೆ ಇಳಿಯುತ್ತೆ ಅಂತ ತೋರಿಸ್ತಿದೆ. ನವೆಂಬರ್‌ನ ಲೆಕ್ಕ ಬೇರೆ ಥರ ಕಾಣ್ತಿದೆ. ದುಬೈ ಮೇಲೆ ಹೋದ್ರೆ ಕಾಸು ಕಡಿಮೆ, ಆದ್ರೆ 14 ಗಂಟೆ. ಅಷ್ಟೊಂದು ಸುತ್ತು ಆಗುತ್ತಾ? ಇಳಿದ ಮೇಲೆ ಬರ್ಮಿಂಗ್‌ಹ್ಯಾಮ್‌ಗೆ ರೈಲು ಹಿಡೀಬೇಕು, ಎಷ್ಟು ಹೊತ್ತಿನದು ಬುಕ್ ಮಾಡ್ಲಿ?

---

ಉತ್ತರ 1 – ಗೋಳ_ಪಟ

ಮೊದಲು ದೂರ. 8,040 ಕಿಲೋಮೀಟರ್, 4,341 ನಾಟಿಕಲ್ ಮೈಲು, ಸುಮಾರು 4,996 ಸಾಮಾನ್ಯ ಮೈಲು, ಮೂರೂ ಒಂದೇ. ವಿಮಾನಯಾನದವರು ಬಳಸೋದು ನಾಟಿಕಲ್ ಮೈಲು, ಒಂದಕ್ಕೆ 1.852 ಕಿ.ಮೀ. ಸೈಟಿನಲ್ಲಿ ಅಂಕಿಯ ಮುಂದೆ ಯಾವ ಮಾನ ಬರೆದಿದೆ ಅಂತ ನೋಡದೆ ಭಾಗಾಕಾರಕ್ಕೆ ಇಳಿಯಬೇಡಿ.

ಇದು ಭೂಗೋಳದ ಮೇಲಿನ ಅತಿ ಹತ್ತಿರದ ದಾರಿ. ಗ್ಲೋಬಿನ ಮೇಲೆ ಎರಡು ಊರಿಗೂ ದಾರ ಬಿಗಿಯಾಗಿ ಎಳೆದು ಹಿಡಿದರೆ ಸಿಗುವ ಗೆರೆ. ಗೋಡೆಯ ನಕ್ಷೆಯಲ್ಲಿ ಅದೇ ಗೆರೆ ಬಿಲ್ಲಿನ ಹಾಗೆ ಬಾಗಿ ಕಾಣುತ್ತೆ. ದೇವನಹಳ್ಳಿಯಿಂದ ಈ ಗೆರೆ ವಾಯವ್ಯಕ್ಕೆ, ಸುಮಾರು 320 ಡಿಗ್ರಿ ದಿಕ್ಕಿನಲ್ಲಿ ಹೊರಡುತ್ತೆ. ಪುಣೆ–ಮುಂಬೈ ಆಸುಪಾಸು, ಸೌರಾಷ್ಟ್ರ, ಹೆಚ್ಚೂಕಡಿಮೆ ಕರಾಚಿಯ ನೆತ್ತಿ, ಬಲೂಚಿಸ್ತಾನ, ಪೂರ್ವ ಇರಾನ್, ಕ್ಯಾಸ್ಪಿಯನ್ ಸಮುದ್ರದ ದಕ್ಷಿಣ ತುದಿ, ಅಜರ್‌ಬೈಜಾನ್, ಜಾರ್ಜಿಯಾ, ಕಪ್ಪು ಸಮುದ್ರದ ಪೂರ್ವ ದಡ, ಕ್ರಿಮಿಯಾ, ದಕ್ಷಿಣ ಉಕ್ರೇನ್, ಪೋಲೆಂಡಿನ ದಕ್ಷಿಣ ಅಂಚು, ಜರ್ಮನಿ. ಲಂಡನ್ ಮುಟ್ಟುವ ಹೊತ್ತಿಗೆ ದಿಕ್ಕು ಸುಮಾರಾಗಿ ನೇರ ಪಶ್ಚಿಮಕ್ಕೆ ತಿರುಗಿರುತ್ತೆ. ಹೊರಟಾಗ ವಾಯವ್ಯ, ಸೇರುವಾಗ ಪಶ್ಚಿಮ. ನಡುವೆ ಎಲ್ಲೂ ಸ್ಟಿಯರಿಂಗ್ ತಿರುಗಿಸಿದ್ದಲ್ಲ, ಗೋಳದ ಮೇಲೆ ನೇರ ಹೋದರೆ ಹೀಗೇ ಆಗೋದು.

ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಕರಾಚಿ, ಇರಾನ್, ಕ್ರಿಮಿಯಾ, ಉಕ್ರೇನ್. ಈ ಗೆರೆಯ ಮೇಲೆ ಇವತ್ತು ಯಾವ ವಿಮಾನವೂ ಪೂರ್ತಿ ಹಾರಲ್ಲ. 8,040 ಅನ್ನೋದು ಕಾಗದದ ಮೇಲಿನ ಕನಿಷ್ಠ.

---

ಉತ್ತರ 2 – ಮ್ಯಾಕ್_85

ದೂರ ಸರಿ, ಈಗ ವೇಗ. 850 ಅನ್ನೋದು ಅಂದಾಜಿಗೆ ಮಾತ್ರ. ಈ ಮಾರ್ಗದಲ್ಲಿ ಬಳಸುವ ಬೋಯಿಂಗ್ 787 ಥರದ ವಿಮಾನ ಮ್ಯಾಕ್ 0.85ರಲ್ಲಿ ಹೋಗುತ್ತೆ. 36,000 ಅಡಿ ಮೇಲೆ ಗಾಳಿ ಮೈನಸ್ 56 ಡಿಗ್ರಿ ಆಸುಪಾಸು ಇರೋದರಿಂದ ಶಬ್ದದ ವೇಗವೇ ಕಡಿಮೆ, ಗಂಟೆಗೆ ಸುಮಾರು 1,062 ಕಿ.ಮೀ. ಅದರ 0.85 ಅಂದ್ರೆ 903. ಇದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗ. ಗಾಳಿಯೇ ಪಶ್ಚಿಮದಿಂದ ಪೂರ್ವಕ್ಕೆ ಓಡ್ತಾ ಇದ್ರೆ, ಲಂಡನ್‌ಗೆ ಹೋಗುವಾಗ ಅಷ್ಟು ಕಳೀಬೇಕು, ಬರುವಾಗ ಕೂಡಿಸಬೇಕು.

ನಿಮ್ಮ ಟಿಕೆಟ್‌ಗೇ ಹಾಕಿ ನೋಡೋಣ. ಸುತ್ತುದಾರಿ ಸೇರಿ 8,600 ಕಿ.ಮೀ. ಅಂತಿಟ್ಕೊಳ್ಳಿ. ದಾರಿಯುದ್ದಕ್ಕೂ ಸರಾಸರಿ 60 ಕಿ.ಮೀ. ಎದುರುಗಾಳಿ.

ಹೋಗುವಾಗ: 8,600 ÷ 843 = 10 ಗಂಟೆ 12 ನಿಮಿಷ.
ಬರುವಾಗ: 8,600 ÷ 963 = 8 ಗಂಟೆ 56 ನಿಮಿಷ.

ಇಲ್ಲೇ ಒಂದೂಕಾಲು ಗಂಟೆ ವ್ಯತ್ಯಾಸ ಬಂತು. ಇದರ ಮೇಲೆ, ಏರುವಾಗ ಇಳಿಯುವಾಗ ವೇಗ ಕಡಿಮೆ ಇರೋದಕ್ಕೆ ಕಾಲು ಗಂಟೆ ಸೇರಿಸಿ, ಎರಡೂ ಕಡೆ ನೆಲದ ಮೇಲೆ ಉರುಳೋದಕ್ಕೆ ಅರ್ಧ ಗಂಟೆ ಸೇರಿಸಿ. ಟಿಕೆಟ್‌ನಲ್ಲಿರೋದು ಬ್ಲಾಕ್ ಟೈಮ್, ಅಂದ್ರೆ ಬೆಂಗಳೂರಲ್ಲಿ ಗೇಟ್ ಬಿಟ್ಟ ಕ್ಷಣದಿಂದ ಹೀಥ್ರೋದಲ್ಲಿ ಗೇಟ್ ಸೇರೋವರೆಗೆ. ಚಕ್ರ ನೆಲ ಬಿಟ್ಟ ಮೇಲಿನ ಲೆಕ್ಕ ಅಲ್ಲ. 10:50 ಮತ್ತು 9:45 ಎರಡೂ ಹೆಚ್ಚೂಕಡಿಮೆ ಇದರೊಳಗೇ ಬರುತ್ತೆ.

ಗಾಳಿ ವರ್ಷವಿಡೀ ಒಂದೇ ಥರ ಇರಲ್ಲ. ಚಳಿಗಾಲದಲ್ಲಿ ಪಶ್ಚಿಮದ ಜೆಟ್ ಪ್ರವಾಹ (ತುಂಬ ಎತ್ತರದಲ್ಲಿ ಹೊಳೆಯಂತೆ ಹರಿಯೋ ಗಾಳಿ) ದಕ್ಷಿಣಕ್ಕೆ ಇಳಿದು ಉತ್ತರ ಭಾರತ, ಇರಾನ್, ಅರೇಬಿಯಾ ಮೇಲೆ ಜೋರಾಗಿ ಬೀಸುತ್ತೆ. ಗಂಟೆಗೆ 200 ಕಿ.ಮೀ. ದಾಟೋದು ಅಲ್ಲಿ ಮಾಮೂಲು. ಅದೇ ಜೂನ್‌ನಿಂದ ಸೆಪ್ಟೆಂಬರ್, ಮುಂಗಾರಿನ ಹೊತ್ತಲ್ಲಿ, ದಕ್ಷಿಣ ಭಾರತದ ಮೇಲೆ ಎತ್ತರದಲ್ಲಿ ಗಾಳಿ ಉಲ್ಟಾ, ಪೂರ್ವದಿಂದ ಪಶ್ಚಿಮಕ್ಕೆ. ಆಗ ಬೆಂಗಳೂರಿಂದ ಅರಬ್ಬೀ ಸಮುದ್ರ ದಾಟೋವರೆಗೆ ಹೋಗೋ ವಿಮಾನಕ್ಕೆ ಬೆನ್ನಿಗೆ ಸ್ವಲ್ಪ ಗಾಳಿ ಸಿಗುತ್ತೆ. ದೆಹಲಿಯಿಂದ ಹೊರಡೋರಿಗೆ ಈ ಭಾಗ್ಯ ಇಲ್ಲ. ಅಕ್ಟೋಬರ್ ಕೊನೆಗೆ ಆ ಪೂರ್ವದ ಗಾಳಿ ಹೋಗಿರುತ್ತೆ, ಚಳಿಗಾಲದ ಜೆಟ್ ಇನ್ನೂ ಪೂರ್ತಿ ಬಲ ಪಡೆದಿರಲ್ಲ. ನಿಮ್ಮ ತಾರೀಖು ನಡುವಿನದು.

---

ಉತ್ತರ 3 – ನೋಟಾಮ್_ಓದುಗ

8,600 ಎಲ್ಲಿಂದ ಬಂತು ಅಂತ ಕೇಳಬಹುದು, ಅದಕ್ಕೆ ಈ ಟಿಪ್ಪಣಿ.

ಉಕ್ರೇನ್ ಮೇಲಿನ ಆಕಾಶ 2022ರ ಫೆಬ್ರವರಿ 24ರಿಂದ ನಾಗರಿಕ ವಿಮಾನಗಳಿಗೆ ಮುಚ್ಚಿದೆ. ಕ್ರಿಮಿಯಾ ಭಾಗ ಅದಕ್ಕೂ ಮೊದಲೇ ಹೋಗಿತ್ತು. ಭಾರತದ ವಿಮಾನಗಳಿಗೆ ಪಾಕಿಸ್ತಾನ ತನ್ನ ಆಕಾಶ ಮುಚ್ಚಿದ್ದು 2025ರ ಏಪ್ರಿಲ್ 24ರಂದು. ಆಮೇಲೆ ತಿಂಗಳು ತಿಂಗಳು ಅದನ್ನು ವಿಸ್ತರಿಸುತ್ತಾ ಬಂದರು. ಈ ನಿರ್ಬಂಧ ಭಾರತದಲ್ಲಿ ನೋಂದಣಿಯಾದ, ಭಾರತದ ಕಂಪನಿಗಳು ನಡೆಸುವ ವಿಮಾನಗಳಿಗೆ. ಹೀಗಾಗಿ ಅದೇ ಬೆಂಗಳೂರು–ಹೀಥ್ರೋ ಮಾರ್ಗದಲ್ಲಿ ಬ್ರಿಟಿಷ್ ಕಂಪನಿಗಳ ದಾರಿ ಮತ್ತು ಏರ್ ಇಂಡಿಯಾ ದಾರಿ ಒಂದೇ ಇರಬೇಕಾಗಿಲ್ಲ. ಎರಡೂ ಟಿಕೆಟ್‌ನ ಅವಧಿ ಬೇರೆ ಕಂಡರೆ ವಿಮಾನ ನಿಧಾನ ಅಂತಲ್ಲ.

ಆದರೆ ಬೆಂಗಳೂರಿನವರು ಈ ವಿಷಯದಲ್ಲಿ ಅದೃಷ್ಟವಂತರು. ದೆಹಲಿಯಿಂದ ಪಶ್ಚಿಮಕ್ಕೆ ಹೊರಟ ಭಾರತದ ವಿಮಾನ ಮೊದಲು ದಕ್ಷಿಣಕ್ಕೆ ಇಳಿದು ಗುಜರಾತ್ ದಾಟಿ ಸಮುದ್ರದ ಮೇಲೆ ಹೋಗಬೇಕು, ಅದು ದೊಡ್ಡ ಸುತ್ತು. ಬೆಂಗಳೂರಿಂದ ಹೇಗೂ ಅರಬ್ಬೀ ಸಮುದ್ರ ಪಕ್ಕದಲ್ಲೇ ಇದೆ. ಬೆಂಗಳೂರು–ಮಸ್ಕತ್ 2,340, ಮಸ್ಕತ್–ಲಂಡನ್ 5,840. ಒಟ್ಟು 8,180. ನೇರ ಗೆರೆಗಿಂತ 140 ಕಿ.ಮೀ. ಮಾತ್ರ ಜಾಸ್ತಿ, ಹತ್ತು ನಿಮಿಷದ ಮಾತು.

ದೊಡ್ಡ ಹೊಡೆತ ಬೀಳೋದು ಇರಾನ್ ಮತ್ತು ಇರಾಕ್ ಎರಡೂ ಬಂದ್ ಆದಾಗ. 2025ರ ಜೂನ್ 13ರಂದು ಆದದ್ದು ಅದೇ. ಆಗ ಮಸ್ಕತ್, ರಿಯಾದ್, ಕೈರೋ ಕಡೆಯಿಂದ ಮೆಡಿಟರೇನಿಯನ್ ದಾಟಿ ಹೋಗಬೇಕು. ಕೂಡಿಸಿದರೆ ಸುಮಾರು 8,700 ಕಿ.ಮೀ., ಮೇಲಿನ 8,600 ಇದರ ಆಸುಪಾಸಿನದು. ನೇರ ಗೆರೆಗಿಂತ ಮುಕ್ಕಾಲು ಗಂಟೆ ಜಾಸ್ತಿ, ಅದೂ ಎದುರುಗಾಳಿ ಮಾಮೂಲಿನಷ್ಟೇ ಇದ್ದರೆ. ಜೊತೆಗೆ ಎಲ್ಲರೂ ಅದೇ ಕಿರಿದಾದ ದಾರಿಗೆ ನುಗ್ಗುವುದರಿಂದ ಬೇಕಾದ ಎತ್ತರ ಸಿಗಲ್ಲ. ಪಶ್ಚಿಮಕ್ಕೆ ಹೋಗೋರಿಗೆ ಸಾಮಾನ್ಯವಾಗಿ ಸಮಸಂಖ್ಯೆಯ ಎತ್ತರ: 34,000, 36,000, 38,000 ಅಡಿ. ಪೂರ್ವಕ್ಕೆ ಬೆಸ: 35, 37, 39 ಸಾವಿರ. 36 ಖಾಲಿ ಇಲ್ಲ ಅಂದ್ರೆ 34ರಲ್ಲೇ ಉಳೀಬೇಕು, ಇಂಧನ ಜಾಸ್ತಿ ಸುಡುತ್ತೆ.

ಹೊರಡೋ ವಾರ ಒಂದು ಕೆಲಸ ಮಾಡಿ. ಫ್ಲೈಟ್‌ರಾಡಾರ್24ನಲ್ಲಿ ನಿಮ್ಮ ಫ್ಲೈಟ್ ನಂಬರ್ ಹಾಕಿ ಹಿಂದಿನ ಏಳು ದಿನದ ಹಾರಾಟ ತೆಗೆಯಿರಿ. ಅಲ್ಲಿ ನಿಗದಿತ ಸಮಯ, ನಿಜವಾಗಿ ಹೊರಟ ಸಮಯ, ಇಳಿದ ಸಮಯ ಇರುತ್ತೆ. ಆದರೆ ಅದು ತೋರಿಸೋ ಹಾರಾಟದ ಅವಧಿ ನೆಲ ಬಿಟ್ಟು ನೆಲ ಮುಟ್ಟುವವರೆಗಿನದು. ಟಿಕೆಟ್ ಅವಧಿಗೆ ಹೋಲಿಸುವಾಗ ಅರ್ಧ ಗಂಟೆ ಸೇರಿಸಿಕೊಳ್ಳಿ.

---

ಉತ್ತರ 4 – ಗಡಿಯಾರ_ಬಲ

7ಕ್ಕೆ ಹೊರಟು 1:20ಕ್ಕೆ ಇಳಿಯೋದಕ್ಕೆ ಉತ್ತರ ಬರಲಿಲ್ಲ ಅಂತ ಬರೀತಿದೀನಿ. ಎರಡೂ ಆಯಾ ಊರಿನ ಗಡಿಯಾರದ ಸಮಯ. ಕಳೆಯೋ ಮುಂಚೆ ಎರಡನ್ನೂ ಯುಟಿಸಿಗೆ (ಎಲ್ಲ ದೇಶಕ್ಕೂ ಒಂದೇ ಆದ ಜಾಗತಿಕ ಸಮಯ) ತನ್ನಿ, ಗೊಂದಲವೇ ಇರಲ್ಲ.

ಭಾರತ ಯಾವಾಗಲೂ ಯುಟಿಸಿ +5:30. ಬೆಳಿಗ್ಗೆ 7 ಅಂದ್ರೆ ಯುಟಿಸಿ 1:30. ಅದಕ್ಕೆ 10:50 ಕೂಡಿಸಿ, 12:20. ಬ್ರಿಟನ್ ಬೇಸಿಗೆಯಲ್ಲಿ ಒಂದು ಗಂಟೆ ಮುಂದೆ ಓಡುತ್ತೆ, ಹಾಗಾಗಿ 13:20. ನಿಮ್ಮ ಟಿಕೆಟ್ ಸರಿಯಾಗಿದೆ.

ನಿಮ್ಮ ಪ್ರಯಾಣದ ವಿಶೇಷ ಏನಂದ್ರೆ ನಡುವೆ ಗಡಿಯಾರ ಬದಲಾಗುತ್ತೆ. ಬ್ರಿಟನ್‌ನಲ್ಲಿ ಮಾರ್ಚ್ ಕೊನೆಯ ಭಾನುವಾರ ಒಂದು ಗಂಟೆ ಮುಂದೆ, ಅಕ್ಟೋಬರ್ ಕೊನೆಯ ಭಾನುವಾರ ಒಂದು ಗಂಟೆ ಹಿಂದೆ. 2026ರಲ್ಲಿ ಅದು ಅಕ್ಟೋಬರ್ 25. ನೀವು 20ಕ್ಕೆ ಇಳಿದಾಗ ನಾಲ್ಕೂವರೆ ಗಂಟೆ ಅಂತರ, ನವೆಂಬರ್‌ನಲ್ಲಿ ಹೊರಡುವಾಗ ಐದೂವರೆ. ಉದಾಹರಣೆಗೆ ಹೀಥ್ರೋದಿಂದ ಮಧ್ಯಾಹ್ನ 1ಕ್ಕೆ ಹೊರಡುವ 9:45ರ ವಿಮಾನ ಬೇಸಿಗೆಯ ಲೆಕ್ಕದಲ್ಲಿ ಬೆಂಗಳೂರಿಗೆ ಮರುದಿನ ಬೆಳಗಿನ ಜಾವ 3:15ಕ್ಕೆ, ನವೆಂಬರ್‌ನಲ್ಲಿ 4:15ಕ್ಕೆ. ವಿಮಾನ ಕಂಪನಿಗಳ ಚಳಿಗಾಲದ ವೇಳಾಪಟ್ಟಿಯೂ ಇದೇ ಭಾನುವಾರದಿಂದ ಶುರುವಾಗುತ್ತೆ, ಹೊರಡುವ ಸಮಯವೇ ಬದಲಾದರೂ ಆಗಬಹುದು. ಟಿಕೆಟ್ ಮೊದಲೇ ತೆಗೆದಿದ್ದರೆ ವಾಪಸಾತಿಯ ಸಮಯವನ್ನು ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ನೋಡಿ. ಊರಲ್ಲಿ ಕರೆಯೋಕೆ ಬರೋರಿಗೆ ತಾರೀಖನ್ನೂ ಸರಿಯಾಗಿ ಹೇಳಿ, ಬೆಳಗಿನ ಜಾವ 4 ಅಂದ್ರೆ ಹಿಂದಿನ ರಾತ್ರಿಯೇ ಮನೆ ಬಿಡಬೇಕಾದೀತು.

ಅಡ್ಡಮಾತು: ಐದೂವರೆ ಗಂಟೆ ಅಂತರ ಇರೋ ಚಳಿಗಾಲದಲ್ಲಿ ಮುಳ್ಳಿನ ಕೈಗಡಿಯಾರ ತಲೆಕೆಳಗು ಮಾಡಿ ನೋಡಿದ್ರೆ ಲಂಡನ್ ಸಮಯ ಕಾಣುತ್ತೆ. 25ಕ್ಕಿಂತ ಮೊದಲು ಈ ಆಟ ನಡೆಯಲ್ಲ.

---

ಉತ್ತರ 5 – ಟ್ರಾನ್ಸಿಟ್_ಬೋಗಿ

ದುಬೈ ಸುತ್ತು ಅನ್ನೋರು ನಕ್ಷೆ ನೋಡಿಲ್ಲ. ಬೆಂಗಳೂರು–ದುಬೈ 2,690, ದುಬೈ–ಹೀಥ್ರೋ 5,500. ಒಟ್ಟು 8,190, ನೇರಕ್ಕಿಂತ 150 ಕಿ.ಮೀ. ಜಾಸ್ತಿ. ದೋಹಾ ಆದ್ರೂ 8,260 ಆಸುಪಾಸು. ಕೊಲ್ಲಿಯ ಊರುಗಳು ಬೆಂಗಳೂರು–ಯುರೋಪ್ ದಾರಿಯಲ್ಲೇ ಕೂತಿವೆ.

ಜಾಸ್ತಿ ಆಗೋದು ಸಮಯ. ದುಬೈಗೆ 4 ಗಂಟೆ, ಅಲ್ಲಿಂದ 7 ಮುಕ್ಕಾಲು. ಇನ್ನೊಂದು ಸಲ ಇಳಿದು ಏರೋದು, ಎರಡು ಸಲ ನೆಲದ ಮೇಲೆ ಉರುಳೋದು, ಇದಕ್ಕೇ ಸುಮಾರು ಒಂದು ಗಂಟೆ ಹೋಯ್ತು. ಮೇಲೆ ಎರಡು ಮೂರು ಗಂಟೆ ಕಾಯೋದು. 14 ಗಂಟೆ ಅಂದ್ರೆ ಕಾಯೋ ಸಮಯ ಎರಡೂಕಾಲು ಗಂಟೆ, ಒಳ್ಳೆಯ ಕನೆಕ್ಷನ್ ಅದು. ಒಂದು, ಒಂದೂಕಾಲು ಗಂಟೆಯದ್ದು ಸಿಕ್ಕರೆ ತಗೋಬೇಡಿ. ಹತ್ತೋ ಬಾಗಿಲು ಹೊರಡುವ 20 ನಿಮಿಷ ಮೊದಲೇ ಮುಚ್ಚುತ್ತೆ, ಮತ್ತೆ ಸೆಕ್ಯುರಿಟಿ ಇದೆ, ಒಂದು ಕಾನ್‌ಕೋರ್ಸ್‌ನಿಂದ ಇನ್ನೊಂದಕ್ಕೆ ಒಳಗಿನ ರೈಲು ಹಿಡಿಯಬೇಕಾಗಬಹುದು. ಮೊದಲ ವಿಮಾನ ಅರ್ಧ ಗಂಟೆ ತಡವಾದ್ರೆ ಮುಗೀತು.

ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿರಲಿ. ಬೆಂಗಳೂರಲ್ಲಿ ಬ್ಯಾಗಿಗೆ ಅಂಟಿಸೋ ಟ್ಯಾಗ್‌ನಲ್ಲಿ ಎಲ್‌ಎಚ್‌ಆರ್ (ಹೀಥ್ರೋ) ಅಂತ ಇದೆಯಾ ನೋಡಿ, ಡಿಎಕ್ಸ್‌ಬಿ (ದುಬೈ) ಮಾತ್ರ ಇದ್ರೆ ಕೌಂಟರ್‌ನಲ್ಲೇ ಹೇಳಿ. ಬೇರೆ ಬೇರೆ ಟಿಕೆಟ್ ತಗೊಂಡು ಕಾಸು ಉಳಿಸೋಕೆ ಹೋದ್ರೆ, ದುಬೈಯಲ್ಲಿ ಹೊರಗೆ ಬಂದು ಬ್ಯಾಗ್ ತೆಗೆದು ಮತ್ತೆ ಚೆಕ್‌ಇನ್ ಮಾಡ್ಬೇಕಾಗಬಹುದು. ಆಗ ಯುಎಇ ವೀಸಾ ಬೇಕಾಗುತ್ತೆ, ಕನೆಕ್ಷನ್ ತಪ್ಪಿದ್ರೆ ಎರಡನೇ ಟಿಕೆಟ್ ದುಡ್ಡು ನಿಮ್ಮದೇ.

---

ಉತ್ತರ 6 – ನೋಟಾಮ್_ಓದುಗ

ಮೇಲಿನವರ ಮಾತು ದೂರದ ಮಟ್ಟಿಗೆ ಸರಿ. ಆದರೆ ಕೊಲ್ಲಿಯಲ್ಲಿ ಗಲಾಟೆ ಆದ ದಿನ ಮೊದಲು ನಿಲ್ಲೋದು ಆ ವಿಮಾನ ನಿಲ್ದಾಣಗಳೇ. ನೇರ ವಿಮಾನ ಆಗ ಸುತ್ತಿಕೊಂಡಾದರೂ ಹೋಗುತ್ತೆ, ದುಬೈನಲ್ಲಿ ಇಳಿದವರು ಅಲ್ಲೇ ಕೂರ್ತಾರೆ. ವಯಸ್ಸಾದವರನ್ನು ಒಬ್ಬರೇ ಕಳಿಸೋದಾದ್ರೆ ನನ್ನ ಮತ ನೇರ ವಿಮಾನಕ್ಕೆ.

---

ಕಿಟಕಿ_ಸೀಟು

ಈಗ ಅರ್ಥ ಆಯ್ತು, ನೇರ ವಿಮಾನವೇ ತಗೋತೀನಿ. ಟಿಕೆಟ್ ಪ್ರಕಾರ 13:20ಕ್ಕೆ ಗೇಟ್. ಬರ್ಮಿಂಗ್‌ಹ್ಯಾಮ್ ರೈಲು 15:30ರದ್ದು ಹಿಡೀಬಹುದಾ? ಮೊದಲೇ ತಗೊಂಡ್ರೆ ತುಂಬ ಅಗ್ಗ ಇದೆ.

---

ಉತ್ತರ 7 – ಯೂಸ್ಟನ್_ಪ್ಲಾಟ್‌ಫಾರ್ಮ್

15:30 ಬೇಡ.

ಹೀಥ್ರೋ ಮೇಲೆ ಸಾಲು ಇದ್ದೇ ಇರುತ್ತೆ. ಇಳಿಯೋ ಸರದಿ ಬರೋವರೆಗೆ ವಿಮಾನಗಳನ್ನು ನಾಲ್ಕು ಕಡೆ ಸುತ್ತಾಡಿಸ್ತಾರೆ: ಲ್ಯಾಂಬೋರ್ನ್, ಬಿಗ್ಗಿನ್, ಬೋವಿಂಗ್ಡನ್, ಓಕಮ್. ಪೂರ್ವದಿಂದ ಬರೋರಿಗೆ ಸಾಮಾನ್ಯವಾಗಿ ಮೊದಲಿನ ಎರಡು. ಒಂದು ಸುತ್ತಿಗೆ ಸುಮಾರು ನಾಲ್ಕು ನಿಮಿಷ. ಸೀಟಿನ ಮುಂದಿನ ನಕ್ಷೆಯಲ್ಲಿ ವಿಮಾನ ಉದ್ದನೆಯ ಮಾತ್ರೆ ಆಕಾರದಲ್ಲಿ ಸುತ್ತೋದು ಕಂಡ್ರೆ ಅದೇ. ಪಶ್ಚಿಮದ ಗಾಳಿ ಇದ್ದ ದಿನ ಪೂರ್ವದಿಂದ ನೇರ ರನ್‌ವೇ 27ಕ್ಕೆ ಇಳೀತಾರೆ. ಪೂರ್ವದ ಗಾಳಿ ಇದ್ರೆ ಊರು ದಾಟಿ ಪಶ್ಚಿಮಕ್ಕೆ ಹೋಗಿ ತಿರುಗಿ ಬರಬೇಕು, ಹತ್ತು ನಿಮಿಷ ಜಾಸ್ತಿ. ಬ್ಲಾಕ್ ಟೈಮ್‌ನಲ್ಲಿ ಕಂಪನಿಗಳು ಇದಕ್ಕೆಲ್ಲ ಸ್ವಲ್ಪ ಜಾಗ ಇಟ್ಟಿರ್ತಾರೆ, ಹಾಗಾಗಿ ತಡವಾಗಿ ಹೊರಟದ್ದೂ ಕೆಲವು ಸಲ ಸಮಯಕ್ಕೆ ಸೇರುತ್ತೆ.

ನಿಮ್ಮ ಸಮಯ ಹೋಗೋದು ಇಳಿದ ಮೇಲೆ. ಭಾರತದ ಪಾಸ್‌ಪೋರ್ಟ್‌ಗೆ ಇ-ಗೇಟ್ (ಯಂತ್ರವೇ ಪಾಸ್‌ಪೋರ್ಟ್ ನೋಡಿ ಬಿಡೋ ಬಾಗಿಲು) ಇಲ್ಲ, ಅಧಿಕಾರಿಯ ಮುಂದೆ ಸಾಲಲ್ಲಿ ನಿಲ್ಲಬೇಕು. ಒಂದು ಗಂಟೆ ಇಟ್ಟುಕೊಳ್ಳಿ. ಮಧ್ಯಾಹ್ನದ ಹೊತ್ತು ದೂರದ ವಿಮಾನಗಳು ಎರಡು ಮೂರು ಒಟ್ಟಿಗೆ ಇಳಿದ್ರೆ ಅದಕ್ಕೂ ಮೇಲೆ. ಬ್ಯಾಗ್ ಅಷ್ಟರಲ್ಲಿ ಬಂದಿರುತ್ತೆ. ಟರ್ಮಿನಲ್‌ನಿಂದ ಎಲಿಜಬೆತ್ ಲೈನ್ ಹಿಡಿದು ಟಾಟನ್‌ಹ್ಯಾಮ್ ಕೋರ್ಟ್ ರೋಡ್, ಅಲ್ಲಿಂದ ನಾರ್ದರ್ನ್ ಲೈನ್‌ನಲ್ಲಿ ಯೂಸ್ಟನ್ (ಬರ್ಮಿಂಗ್‌ಹ್ಯಾಮ್ ರೈಲು ಹೊರಡೋ ನಿಲ್ದಾಣ), ಲಗೇಜ್ ಸಮೇತ ಒಂದು ಗಂಟೆ. ಹಾಗಾಗಿ 13:20, ಪಾಸ್‌ಪೋರ್ಟ್ ಸಾಲು ಮತ್ತು ಬ್ಯಾಗ್ ಮುಗಿಸಿ ಹೊರಬರೋಕೆ 1:15, ಯೂಸ್ಟನ್‌ಗೆ 1:00, ಅದಕ್ಕೆ ವಿಮಾನ ತಡವಾಗೋದಕ್ಕೆ ಒಂದು ಗಂಟೆ. 16:40ಕ್ಕಿಂತ ಮೊದಲಿನ ರೈಲು ನಂಬಬೇಡಿ. ಯೂಸ್ಟನ್‌ನಿಂದ ಬರ್ಮಿಂಗ್‌ಹ್ಯಾಮ್ ನ್ಯೂ ಸ್ಟ್ರೀಟ್‌ಗೆ ಎಕ್ಸ್‌ಪ್ರೆಸ್‌ನಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ.

ಅಗ್ಗದ್ದು ಅಂದ್ರಲ್ಲ, ಅದು ಅಡ್ವಾನ್ಸ್ ಟಿಕೆಟ್. ಅದರಲ್ಲಿ ಬರೆದಿರೋ ರೈಲಿಗೆ ಮಾತ್ರ ಸಲ್ಲುತ್ತೆ. ವಿಮಾನ ತಡವಾಯ್ತು ಅಂತ ಮುಂದಿನ ರೈಲಿಗೆ ಬಿಡಲ್ಲ, ವಿಮಾನ ಮತ್ತು ರೈಲು ಒಂದೇ ಪ್ರಯಾಣ ಅಂತ ಯಾರೂ ಲೆಕ್ಕ ಹಿಡಿಯಲ್ಲ. ಸ್ವಲ್ಪ ದುಬಾರಿಯಾದ್ರೂ ಇಳಿದ ಮೇಲೆ ತಗೊಳ್ಳೋ ಟಿಕೆಟ್ ಮೇಲು. ಸಂಜೆ ಕೆಲಸ ಬಿಡೋ ಹೊತ್ತಲ್ಲಿ, ಗದ್ದಲ ಕಡಿಮೆ ಇರೋ ಸಮಯಕ್ಕಂತ ಕೊಡೋ ಆಫ್‌ಪೀಕ್ ಟಿಕೆಟ್‌ಗೆ ಯೂಸ್ಟನ್‌ನಲ್ಲಿ ಸಮಯದ ನಿರ್ಬಂಧ ಇರುತ್ತೆ, ತಗೊಳ್ಳುವಾಗ ಕೇಳಿ. ಇನ್ನೂ ಸುಲಭದ್ದು ಬೇಕಾದ್ರೆ ಹೀಥ್ರೋದ ಬಸ್ ನಿಲ್ದಾಣದಿಂದಲೇ ನ್ಯಾಷನಲ್ ಎಕ್ಸ್‌ಪ್ರೆಸ್ ಬಸ್ ಇದೆ. ರೈಲಿಗಿಂತ ನಿಧಾನ, ಆದರೆ ಎರಡು ದೊಡ್ಡ ಸೂಟ್‌ಕೇಸ್ ಹಿಡ್ಕೊಂಡು ಲಂಡನ್ ನಡುವೆ ಮೆಟ್ಟಿಲು ಹತ್ತಿಳಿಯೋದು ತಪ್ಪುತ್ತೆ.

ವಾಪಸ್ ಬರುವಾಗ ಒಂದು ಗೊತ್ತಿರಲಿ. ಬ್ರಿಟನ್‌ನಿಂದ ಹೊರಡೋ ವಿಮಾನ ಯಾವ ದೇಶದ ಕಂಪನಿಯದಾದ್ರೂ, ಕಂಪನಿಯ ಕಾರಣದಿಂದ ಬೆಂಗಳೂರಿಗೆ ನಾಲ್ಕು ಗಂಟೆಗಿಂತ ತಡವಾಗಿ ಸೇರಿದ್ರೆ ಅಲ್ಲಿನ ಕಾನೂನಿನ ಪ್ರಕಾರ ಒಬ್ಬರಿಗೆ 520 ಪೌಂಡ್ ಪರಿಹಾರ ಕೇಳಬಹುದು. ಮೂರರಿಂದ ನಾಲ್ಕು ಗಂಟೆಯಾದ್ರೆ ಅದರ ಅರ್ಧ. ಆಕಾಶ ಮುಚ್ಚಿದ್ದು, ಹವಾಮಾನ ಕೆಟ್ಟದ್ದು ಇದರಲ್ಲಿ ಬರಲ್ಲ. ಬೆಂಗಳೂರಿಂದ ಹೋಗುವಾಗ ಭಾರತದ ಕಂಪನಿಯಾದ್ರೆ ಈ ಕಾನೂನು ಸಲ್ಲಲ್ಲ, ಬ್ರಿಟಿಷ್ ಕಂಪನಿಯಾದ್ರೆ ಸಲ್ಲುತ್ತೆ. ಬೋರ್ಡಿಂಗ್ ಪಾಸ್ ಬಿಸಾಡಬೇಡಿ.